ಅಪ್ಪ ಮಂಡ್ಯದವರು, ಅಮ್ಮ ಹೊರದೇಶದವರು: ಮಗುವಿನ ಪಾಸ್‌ಪೋರ್ಟ್, ವೀಸಾ, ಒಸಿಐ ಕೆಲಸಕ್ಕೆ ಹಂತ ಹಂತದ ಮಾರ್ಗದರ್ಶಿ

‘ಎಲ್ಲ ಕಾಗದವೂ ಇತ್ತು, ಆದರೂ ವಾಪಸ್ ಕಳಿಸಿದರು.’ ಗಂಡ–ಹೆಂಡತಿ ಬೇರೆ ಬೇರೆ ದೇಶದವರಾಗಿರುವ ಮೈಸೂರು, ಮಂಡ್ಯ ಕಡೆಯ ಮನೆಗಳಿಂದ ಮತ್ತೆ ಮತ್ತೆ ಕೇಳಿಬರುವ ಮಾತು ಇದು. ಕಾಗದ ಇರುವುದು ನಿಜ, ಕ್ರಮ ತಪ್ಪಿರುತ್ತದೆ. ಅಜ್ಜಿಗೆ ಮಗು ತೋರಿಸಬೇಕೆಂದು ಮೊದಲು ಟಿಕೆಟ್ ತೆಗೆಸುತ್ತಾರೆ. ಆಮೇಲೆ ಸಿಕ್ಕ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುತ್ತಾರೆ. ಮಗು ಯಾವ ದೇಶದ ಪ್ರಜೆ ಎಂಬ ಪ್ರಶ್ನೆ ಎದುರಾಗುವುದು ಕೌಂಟರಿನಲ್ಲಿ ಅಧಿಕಾರಿ ಕೇಳಿದಾಗ. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಹೆರಿಗೆಗೆ ಇನ್ನೂ ಮೂರ್ನಾಲ್ಕು ತಿಂಗಳಿರುವಾಗಲೇ ಶುರು ಮಾಡಿದರೆ ಒಳ್ಳೆಯದು.

ಇಲ್ಲಿ ಹೇಳಿರುವುದು ಒಬ್ಬರು ಭಾರತೀಯ ಪ್ರಜೆ, ಇನ್ನೊಬ್ಬರು ವಿದೇಶಿ ಪ್ರಜೆ ಆಗಿರುವ ಮನೆಗಳಿಗೆ. ಪಾಕಿಸ್ತಾನ, ಬಾಂಗ್ಲಾದೇಶದ ಸಂಗಾತಿ ಇರುವವರಿಗೆ ನಿಯಮಗಳೇ ಬೇರೆ. ಅವರು ಇದನ್ನು ನೆಚ್ಚಿಕೊಳ್ಳದೆ ನೇರವಾಗಿ ವಕೀಲರನ್ನು ಕಾಣಬೇಕು.

ಹಂತ 1: ಬೇಕಾದ ಸಾಮಾನು

ಗಂಡ–ಹೆಂಡತಿ ಇಬ್ಬರ ಪಾಸ್‌ಪೋರ್ಟ್, ವಿದೇಶಿ ಸಂಗಾತಿಯ ವೀಸಾ ಮತ್ತು ನೋಂದಣಿ ಪತ್ರ, ಮದುವೆ ನೋಂದಣಿ ಪತ್ರ, ಮನೆಯ ವಿಳಾಸದ ಪುರಾವೆ. ಪ್ರತಿಯೊಂದನ್ನೂ ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿ ಪಿಡಿಎಫ್ ಇಟ್ಟುಕೊಳ್ಳಿ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ ಮಾತ್ರ ಸಾಲದು. ವೀಸಾ ಇರುವ ಪುಟ, ಭಾರತಕ್ಕೆ ಬಂದಿಳಿದ ದಿನದ ಮುದ್ರೆ ಇರುವ ಪುಟ ಎರಡೂ ಬೇಕು.

ಅರ್ಜಿ ಹಾಕುವ ಸರ್ಕಾರಿ ಜಾಲತಾಣಗಳು ನಾಲ್ಕು: ಪಾಸ್‌ಪೋರ್ಟ್ ಸೇವಾ, ಇಂಡಿಯನ್ ವೀಸಾ ಆನ್‌ಲೈನ್, ಒಸಿಐ ಸರ್ವಿಸಸ್ (ಒಸಿಐ ಎಂದರೆ ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ, ವಿದೇಶಿ ಪ್ರಜೆಗೆ ಭಾರತ ಕೊಡುವ ಜೀವನಪರ್ಯಂತದ ವೀಸಾ ಇದ್ದಂತೆ), ಇ–ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿಯ ತಾಣ). ನಾಲ್ಕರ ವಿಳಾಸವೂ ‘ಗವ್ ಡಾಟ್ ಇನ್’ ಎಂದೇ ಮುಗಿಯುತ್ತದೆ. ಹುಡುಕಿದಾಗ ಮೇಲೆ ಮೇಲೆ ಕಾಣುವ, ಇದೇ ಹೆಸರನ್ನು ಹೋಲುವ ಖಾಸಗಿ ತಾಣಗಳು ದುಪ್ಪಟ್ಟು ಹಣ ಕೇಳುತ್ತವೆ. ಸೈಬರ್ ಸೆಂಟರಿನಲ್ಲಿ ಕೂತು ಅರ್ಜಿ ತುಂಬಿಸುವುದಾದರೂ ಇಮೇಲ್, ಮೊಬೈಲ್ ನಂಬರ್ ನಿಮ್ಮದೇ ಕೊಡಿ. ಅಂಗಡಿಯವನ ಇಮೇಲ್ ಹಾಕಿಸಿದರೆ ‘ಇನ್ನೊಂದು ದಾಖಲೆ ಕೊಡಿ’ ಎಂದು ಬರುವ ಸಂದೇಶ ನಿಮ್ಮ ಕಣ್ಣಿಗೇ ಬೀಳುವುದಿಲ್ಲ.

ಹಂತ 2: ಮದುವೆ ನೋಂದಣಿ

ಚಾಮುಂಡಿ ಬೆಟ್ಟದಲ್ಲೋ ಮೇಲುಕೋಟೆಯಲ್ಲೋ ತಾಳಿ ಕಟ್ಟಿದ ಫೋಟೊ, ದೇವಸ್ಥಾನದ ರಸೀದಿ ವೀಸಾ ಕೆಲಸಕ್ಕೆ ಬರುವುದಿಲ್ಲ. ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಆಗಬೇಕಾದರೆ ಇಬ್ಬರೂ ಹಿಂದೂಗಳಾಗಿರಬೇಕು. ಉಳಿದವರಿಗೆ ಸಾಮಾನ್ಯವಾಗಿ 1954ರ ವಿಶೇಷ ವಿವಾಹ ಕಾಯ್ದೆ ದಾರಿ. ನೋಟಿಸ್ ಕೊಡುವ ಮುನ್ನ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು, ನೋಟಿಸ್ ಕೊಟ್ಟ ಮೇಲೆ ಮತ್ತೆ 30 ದಿನ ಕಾಯಬೇಕು, ಮೂವರು ಸಾಕ್ಷಿಗಳು ಬೇಕು. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಮುಗಿಯದಿದ್ದರೆ ಮತ್ತೆ ಮೊದಲಿನಿಂದ. ಶಾಸ್ತ್ರದ ಮದುವೆ ಈಗಾಗಲೇ ಆಗಿದ್ದರೆ ಅದನ್ನೂ ಇದೇ ಕಾಯ್ದೆಯ 15ನೇ ಸೆಕ್ಷನ್ನಿನಡಿ ನೋಂದಾಯಿಸಬಹುದು.

ವಿದೇಶಿ ಸಂಗಾತಿ ತಾನು ಅವಿವಾಹಿತ ಎಂಬುದಕ್ಕೆ ತಮ್ಮ ದೇಶದ ರಾಯಭಾರ ಕಚೇರಿಯಿಂದ ಪತ್ರ ತರಬೇಕು. ಇದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಛತ್ರ ಬುಕ್ ಮಾಡುವ ಮೊದಲು ಅದಕ್ಕೆ ಅರ್ಜಿ ಹಾಕಿ.

ನೋಂದಣಿ ಆದ ದಿನದಿಂದಲೇ ಇನ್ನೊಂದು ಲೆಕ್ಕ ಶುರುವಾಗುತ್ತದೆ. ಸಂಗಾತಿಗೆ ಮುಂದೆ ಒಸಿಐ ಬೇಕಾದರೆ ನೋಂದಾಯಿತ ಮದುವೆಗೆ ಎರಡು ವರ್ಷ ತುಂಬಿರಬೇಕು. ‘ಮದುವೆಯಾಗಿ ಐದು ವರ್ಷವಾಯಿತು’ ಎಂದು ಅರ್ಜಿ ಹಾಕಿದವರು, ನೋಂದಣಿ ಹೋದ ವರ್ಷವಷ್ಟೇ ಮಾಡಿಸಿದ್ದರೆ, ತೊಡಕಿಗೆ ಸಿಕ್ಕಿಕೊಳ್ಳುವುದು ಇಲ್ಲಿಯೇ.

ಹಂತ 3: ವಿದೇಶಿ ಸಂಗಾತಿಯ ವೀಸಾ ಊರ್ಜಿತವಾಗಿದೆಯೇ?

ಹೆಚ್ಚಿನವರು ದಾಟಿಕೊಂಡು ಹೋಗುವ ಹಂತ ಇದು. ಇಲ್ಲಿ ತಪ್ಪಿದರೆ ಪೆಟ್ಟು ಬೀಳುವುದು ಮಗುವಿನ ಪೌರತ್ವಕ್ಕೆ.

2004ರ ಡಿಸೆಂಬರ್ 3ರಿಂದ ಈಚೆಗೆ ಭಾರತದಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಭಾರತೀಯ ಪ್ರಜೆ ಎನಿಸಬೇಕಾದರೆ ತಂದೆ–ತಾಯಿ ಇಬ್ಬರೂ ಭಾರತೀಯರಾಗಿರಬೇಕು. ಇಲ್ಲವೇ ಒಬ್ಬರು ಭಾರತೀಯರಾಗಿದ್ದು, ಇನ್ನೊಬ್ಬರು ಮಗು ಹುಟ್ಟಿದ ದಿನ ಅಕ್ರಮ ವಲಸಿಗರಾಗಿರಬಾರದು. ಅಕ್ರಮ ವಲಸಿಗ ಎಂದರೆ ಕದ್ದು ಗಡಿ ದಾಟಿ ಬಂದವರು ಮಾತ್ರ ಎಂದುಕೊಳ್ಳಬೇಡಿ. ಸರಿಯಾದ ವೀಸಾದಲ್ಲಿ ಬಂದು ಅವಧಿ ಮುಗಿದ ಮೇಲೂ ಉಳಿದುಕೊಂಡವರೂ ಕಾನೂನಿನ ಕಣ್ಣಲ್ಲಿ ಅದೇ ಗುಂಪಿಗೆ ಸೇರುತ್ತಾರೆ. ಬಸಿರು, ಆಸ್ಪತ್ರೆ ಓಡಾಟದ ನಡುವೆ ತಾಯಿಯ ವೀಸಾ ಒಂದು ವಾರದ ಹಿಂದೆ ಮುಗಿದಿದ್ದನ್ನು ಯಾರೂ ನೋಡಿಕೊಳ್ಳದಿದ್ದರೆ, ಆ ವಾರದಲ್ಲಿ ಹುಟ್ಟಿದ ಮಗುವಿನ ಭಾರತೀಯ ಪಾಸ್‌ಪೋರ್ಟ್ ಅರ್ಜಿಗೆ ಅದೇ ಮುಳ್ಳಾಗುತ್ತದೆ. ಅವಧಿ ಮೀರಿ ಉಳಿಯುವುದು 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ ಕೂಡ.

ಭಾರತೀಯರನ್ನು ಮದುವೆಯಾದವರಿಗೆ ಸರಿಹೊಂದುವುದು ಎಂಟ್ರಿ ವೀಸಾ, ಅಂದರೆ ಎಕ್ಸ್ ವೀಸಾ. 180 ದಿನಕ್ಕಿಂತ ಹೆಚ್ಚಿನ ವೀಸಾದಲ್ಲಿ ಬಂದು ಇಲ್ಲೇ ನೆಲೆಸುವವರು, ಬಂದ 14 ದಿನದೊಳಗೆ ಇ–ಎಫ್‌ಆರ್‌ಆರ್‌ಒದಲ್ಲಿ ನೋಂದಾಯಿಸಿಕೊಳ್ಳಬೇಕು. ನಮ್ಮ ಕಡೆಯ ಅರ್ಜಿಗಳು ಹೋಗುವುದು ಬೆಂಗಳೂರಿನ ಎಫ್‌ಆರ್‌ಆರ್‌ಒಗೆ. ಕಚೇರಿ ಇರುವುದು ಶಾಂತಿನಗರದ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿ. ಬಹುತೇಕ ಕೆಲಸ ಆನ್‌ಲೈನಿನಲ್ಲೇ ಮುಗಿಯುತ್ತದೆ, ಕರೆದರೆ ಮಾತ್ರ ಹೋಗಿ. ಹೊಸ ಮನೆಗೆ ಬದಲಾಯಿಸಿದರೆ, ಅದು ಕುವೆಂಪುನಗರದಿಂದ ವಿಜಯನಗರಕ್ಕೇ ಆಗಿರಲಿ, ಅದನ್ನೂ ಅಲ್ಲಿ ತಿಳಿಸಬೇಕು.

ಎಚ್ಚರಿಕೆಯ ಗುರುತು: ಪಾಸ್‌ಪೋರ್ಟಿನಲ್ಲೋ ಮುದ್ರಿಸಿಕೊಂಡ ಹಾಳೆಯಲ್ಲೋ ‘ಇ–ಟೂರಿಸ್ಟ್’ ಎಂದಿದ್ದರೆ ಅಲ್ಲೇ ನಿಲ್ಲಿ. ಇ–ವೀಸಾವನ್ನು ವಿಸ್ತರಿಸಲಾಗದು, ಬೇರೆ ವೀಸಾಕ್ಕೆ ಬದಲಾಯಿಸಲಾಗದು ಎಂಬುದು ಸಾಮಾನ್ಯ ನಿಯಮ. ‘ಇಲ್ಲಿಗೆ ಬಂದ ಮೇಲೆ ನೋಡಿಕೊಳ್ಳೋಣ’ ಎನ್ನುವ ಲೆಕ್ಕಾಚಾರ ಬೇಡ. ಸಂಗಾತಿ ತಮ್ಮ ದೇಶದಲ್ಲಿರುವಾಗಲೇ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಿಂದ ಎಂಟ್ರಿ ವೀಸಾ ಹಾಕಿಸಿಕೊಂಡು ಬರಲಿ.

ಹಂತ 4: ಹೆಸರು, ಆಮೇಲೆ ಜನನ ಪ್ರಮಾಣಪತ್ರ

ನಮ್ಮ ಕಡೆಯ ಹೆಸರುಗಳು ವಿದೇಶಿ ಫಾರಂಗಳಿಗೆ ಒಗ್ಗುವುದಿಲ್ಲ. ಕೆ.ಎಂ. ನಾಗರಾಜು ಎಂಬವರನ್ನು ತೆಗೆದುಕೊಳ್ಳಿ. ಆಧಾರಿನಲ್ಲಿ ಬರೀ ನಾಗರಾಜು. ಮದುವೆ ಪತ್ರದಲ್ಲಿ ನಾಗರಾಜು ಕೆ.ಎಂ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ, ಊರಿನ ಹೆಸರು ಕ್ಯಾತನಹಳ್ಳಿ, ಅಪ್ಪನ ಹೆಸರು ಮಹದೇವಪ್ಪ ಎರಡನ್ನೂ ಸೇರಿಸಿ, ಕೊನೆಯದನ್ನು ಸರ್‌ನೇಮ್ ಕಾಲಮ್ಮಿಗೆ ಹಾಕಲಾಗಿದೆ. ಈಗ ಹೆಂಡತಿಯ ದೇಶದ ಕಾನ್ಸುಲೇಟ್ ಮಗುವಿನ ಸರ್‌ನೇಮ್ ಕೇಳುತ್ತದೆ. ತಾತನ ಹೆಸರು ಮಹದೇವಪ್ಪ ಮೊಮ್ಮಗಳ ಕುಟುಂಬನಾಮವಾಗಿ ಜೀವನಪೂರ್ತಿ ಉಳಿಯಬೇಕೋ, ನಾಗರಾಜು ಎಂಬುದು ಉಳಿಯಬೇಕೋ, ಅಮ್ಮನ ಮನೆತನದ ಹೆಸರೋ? ಇದನ್ನು ಕೌಂಟರಿನ ಮುಂದೆ ನಿಂತು ತೀರ್ಮಾನಿಸಲು ಆಗುವುದಿಲ್ಲ. ಕೆಲವು ದೇಶಗಳಲ್ಲಿ ಮಗುವಿನ ಕುಟುಂಬನಾಮ ಏನೆಂದು ಬೇರೆಯದೇ ಘೋಷಣೆ ಕೊಡಬೇಕಾಗುತ್ತದೆ, ಒಮ್ಮೆ ಕೊಟ್ಟರೆ ಬದಲಾಯಿಸುವುದು ಕಷ್ಟ.

ಆದ್ದರಿಂದ ಹೆರಿಗೆಗೆ ಮುಂಚೆಯೇ ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ: ಅಪ್ಪನ ಹೆಸರು ಅವರ ಪಾಸ್‌ಪೋರ್ಟಿನಲ್ಲಿ ಇರುವಂತೆ, ಅಮ್ಮನ ಹೆಸರು ಅವರ ಪಾಸ್‌ಪೋರ್ಟಿನಲ್ಲಿ ಇರುವಂತೆ, ಮಗುವಿನ ಹೆಸರು ಮತ್ತು ಸರ್‌ನೇಮ್ ಬೇರೆ ಬೇರೆಯಾಗಿ. ಇಂಗ್ಲಿಷಿನಲ್ಲಿ, ದೊಡ್ಡಕ್ಷರದಲ್ಲಿ ಬರೆದು ಆಸ್ಪತ್ರೆಯ ಫೈಲಿಗೆ ಪಿನ್ ಮಾಡಿ. ಆಸ್ಪತ್ರೆಯವರು ಜನನದ ಮಾಹಿತಿ ತುಂಬುವಾಗ ಅಭ್ಯಾಸಬಲದಿಂದ ತಾಯಿಯ ಹೆಸರಿನ ಮುಂದೆ ಗಂಡನ ಹೆಸರು ಸೇರಿಸಿಬಿಡುತ್ತಾರೆ. ಪಾಸ್‌ಪೋರ್ಟಿನಲ್ಲಿ ಆನಾ ಶ್ಮಿಟ್ ಆಗಿರುವವರು ಜನನ ಪತ್ರದಲ್ಲಿ ಆನಾ ನಾಗರಾಜು ಆಗುತ್ತಾರೆ. ಕಾನ್ಸುಲೇಟಿನವರಿಗೆ ಅದು ಬೇರೊಬ್ಬ ಹೆಂಗಸು.

ಹುಟ್ಟಿದ 21 ದಿನದೊಳಗೆ ನೋಂದಣಿ ಆಗಬೇಕು. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲವಾದರೆ ಹೆಸರಿಲ್ಲದೆಯೇ ನೋಂದಣಿಯಾಗುತ್ತದೆ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ನಾಮಕರಣ ಮೂರನೇ ತಿಂಗಳಿಗೆ ಎಂದು ಕಾಯುವ ಮನೆಗಳಿಗೆ ಇದು ಅನುಕೂಲ. ಆದರೆ ಹೆಸರಿಲ್ಲದ ಪ್ರಮಾಣಪತ್ರ ಹಿಡಿದು ಪಾಸ್‌ಪೋರ್ಟಿಗೆ ಹೋಗಬೇಡಿ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಭಾರತೀಯ ಪಾಸ್‌ಪೋರ್ಟಿಗೆ ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರ ಒಂದೇ ನಡೆಯುತ್ತದೆ.

ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಕನ್ನಡದ ಸಾಲನ್ನಷ್ಟೇ ಓದಿ ಸಮಾಧಾನಪಡಬೇಡಿ. ಇಂಗ್ಲಿಷಿನ ಸಾಲನ್ನು ಇಬ್ಬರ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿ. ತಪ್ಪಿದ್ದರೆ ನೋಂದಣಾಧಿಕಾರಿಯ ಬಳಿ ಆಗಲೇ ತಿದ್ದಿಸಿ. ಯಾವುದಾದರೂ ಒಂದು ದೇಶದ ದಾಖಲೆಗೆ ತಪ್ಪು ಹೆಸರು ಸೇರಿದ ಮೇಲೆ ಎರಡು ಕಡೆಯೂ ತಿದ್ದಿಸಬೇಕಾಗುತ್ತದೆ.

ಹಂತ 5: ಮಗು ಯಾವ ದೇಶದ ಪಾಸ್‌ಪೋರ್ಟ್ ಹಿಡಿಯಬೇಕು?

ಭಾರತದಲ್ಲಿ ಇಬ್ಬಗೆಯ ಪೌರತ್ವಕ್ಕೆ ಅವಕಾಶವಿಲ್ಲ. ಎರಡೂ ಪಾಸ್‌ಪೋರ್ಟ್ ಮಾಡಿಸಿ ಒಂದನ್ನು ಬೀರುವಿನಲ್ಲಿ ಇಡೋಣ ಎಂಬ ಸಲಹೆ ಕೊಡುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ, ಕೇಳಬೇಡಿ. ಮಾಹಿತಿ ಮುಚ್ಚಿಟ್ಟು ಪಾಸ್‌ಪೋರ್ಟ್ ಪಡೆಯುವುದು 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಅಪರಾಧ.

ಒಸಿಐ ಎರಡನೇ ಪೌರತ್ವವಲ್ಲ. ವಿದೇಶಿ ಪ್ರಜೆಗೆ ಕೊಡುವ ಜೀವನಪರ್ಯಂತದ ವೀಸಾ ಎಂದು ತಿಳಿದುಕೊಂಡರೆ ಸಾಕು. ಮತದಾನವಿಲ್ಲ, ಸಾಮಾನ್ಯವಾಗಿ ಸರ್ಕಾರಿ ಕೆಲಸವಿಲ್ಲ, ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಮಂಡ್ಯದ ಮನೆಗಳಲ್ಲಿ ಇದೇ ದೊಡ್ಡ ಚರ್ಚೆ: ‘ಗದ್ದೆ ಯಾರ ಪಾಲಿಗೆ?’ ಪಿತ್ರಾರ್ಜಿತವಾಗಿ ಬರುವ ಜಮೀನು ಒಸಿಐ ಮಗುವಿಗೂ ಬರುತ್ತದೆ. ಕೊಳ್ಳುವುದಕ್ಕೆ ಮಾತ್ರ ತಡೆ.

ಓದಿನ ವಿಚಾರ ಇನ್ನೂ ಮುಖ್ಯ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. 2021ರ ಮಾರ್ಚ್ 4ರ ಕೇಂದ್ರದ ಅಧಿಸೂಚನೆಯ ಪ್ರಕಾರ ನೀಟ್, ಜೆಇಇಯಂಥ ಪರೀಕ್ಷೆಗಳ ಮೂಲಕ ಸೀಟು ಪಡೆಯುವಾಗ ಒಸಿಐ ಇರುವವರು ಅನಿವಾಸಿ ಭಾರತೀಯರ ಸಾಲಿಗೆ ಸೇರುತ್ತಾರೆ. ಭಾರತೀಯ ಪ್ರಜೆಗಳಿಗೆಂದೇ ಇರುವ ಸೀಟಿಗೆ ಅರ್ಹರಲ್ಲ. ಅದಕ್ಕೂ ಮೊದಲೇ ಒಸಿಐ ಪಡೆದಿದ್ದವರಿಗೆ ಇದು ತಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಫೆಬ್ರವರಿಯಲ್ಲಿ ಹೇಳಿತು. ಈಗ ಹುಟ್ಟುವ ಮಗುವಿಗೆ ಆ ರಕ್ಷಣೆ ಇಲ್ಲ. ಮಗು ಮೈಸೂರಿನಲ್ಲೇ ಪಿಯುಸಿವರೆಗೆ ಓದಿ ಇಲ್ಲೇ ಮೆಡಿಕಲ್ ಮಾಡಲಿ ಎಂಬ ಆಸೆ ನಿಮಗಿದ್ದರೆ ಭಾರತೀಯ ಪಾಸ್‌ಪೋರ್ಟ್ ಕಡೆಗೇ ನನ್ನ ಒಲವು. ನಾಲ್ಕೈದು ವರ್ಷದಲ್ಲಿ ಸಂಗಾತಿಯ ದೇಶಕ್ಕೆ ಹೋಗಿ ನೆಲೆಸುವುದು ಖಚಿತವಾಗಿದ್ದರೆ ಆ ದೇಶದ ಪಾಸ್‌ಪೋರ್ಟ್ ಮತ್ತು ಒಸಿಐ ಜೋಡಿ ಸರಳ.

ಆ ದೇಶದ ಕಡೆಯ ಗಡುವುಗಳನ್ನೂ ನೋಡಿ. ಜಪಾನಿ ತಂದೆ ಅಥವಾ ತಾಯಿ ಇದ್ದರೆ ಹೊರದೇಶದಲ್ಲಿ ಹುಟ್ಟಿದ ಮಗುವಿನ ಸುದ್ದಿಯನ್ನು ಮೂರು ತಿಂಗಳೊಳಗೆ ಸಲ್ಲಿಸಿ ಜಪಾನಿ ಪೌರತ್ವ ಕಾಯ್ದಿರಿಸಬೇಕು. ಅಮೆರಿಕದ ಪ್ರಜೆ ತಮ್ಮ ಪೌರತ್ವವನ್ನು ಮಗುವಿಗೆ ದಾಟಿಸಬೇಕಾದರೆ, ಇನ್ನೊಬ್ಬರು ವಿದೇಶಿಯಾಗಿರುವಾಗ, ಮಗು ಹುಟ್ಟುವ ಮೊದಲು ಒಟ್ಟು ಐದು ವರ್ಷ ಅಮೆರಿಕದಲ್ಲಿ ವಾಸವಿದ್ದಿರಬೇಕು. ಅದರಲ್ಲಿ ಎರಡು ವರ್ಷವಾದರೂ 14 ತುಂಬಿದ ಮೇಲಿನದ್ದಾಗಿರಬೇಕು. ಹೊರದೇಶದಲ್ಲಿ ಹುಟ್ಟಿ ವಂಶದಿಂದ ಬ್ರಿಟಿಷ್ ಪ್ರಜೆಯಾದವರು ಭಾರತದಲ್ಲಿ ಹುಟ್ಟುವ ತಮ್ಮ ಮಗುವಿಗೆ ಅದನ್ನು ತಾನಾಗಿಯೇ ದಾಟಿಸಲಾರರು.

ಇನ್ನೊಂದು ಸಾಮಾನ್ಯ ತಪ್ಪು: ಮಗುವಿಗೆ ಭಾರತೀಯ ಪಾಸ್‌ಪೋರ್ಟ್ ಮಾಡಿಸಿ, ಅದರ ಮೇಲೆ ಅಮೆರಿಕದ ಟೂರಿಸ್ಟ್ ವೀಸಾ ಕೇಳುವುದು. ಹುಟ್ಟಿನಿಂದಲೇ ಅಮೆರಿಕದ ಪ್ರಜೆಯಾಗಿರುವ ಮಗುವಿಗೆ ಅಮೆರಿಕ ವೀಸಾ ಕೊಡುವುದಿಲ್ಲ. ಅಜ್ಜಿಯನ್ನು ನೋಡಲು ಎರಡು ವಾರ ಹೋಗಿಬರುವ ಯೋಚನೆಯೂ ಪಾಸ್‌ಪೋರ್ಟ್ ತೀರ್ಮಾನಕ್ಕೆ ಗಂಟುಬಿದ್ದಿರುವುದು ಹೀಗೆ.

ಹಂತ 6 (ಅ): ಭಾರತೀಯ ಪಾಸ್‌ಪೋರ್ಟ್ ಆರಿಸಿಕೊಂಡರೆ

ದೇಶದಲ್ಲೇ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು 2017ರ ಜನವರಿಯಲ್ಲಿ ಮೈಸೂರಿನಲ್ಲೇ ಶುರುವಾದದ್ದರಿಂದ ಬೆಂಗಳೂರಿಗೆ ಓಡುವ ಅಗತ್ಯ ಕಡಿಮೆ. ಮಂಡ್ಯದವರೂ ಅದನ್ನು ಆರಿಸಿಕೊಳ್ಳಬಹುದು. ಆದರೆ ಕಡತ ಕೊನೆಗೆ ಹೋಗುವುದು ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಗೆ. ವಿದೇಶಿ ಪೋಷಕರಿರುವ ಅರ್ಜಿಗೆ ಅಲ್ಲಿಂದ ಪ್ರಶ್ನೆ ಬರುವುದು ಅಸಹಜವೇನಲ್ಲ.

ಅಪಾಯಿಂಟ್‌ಮೆಂಟ್ ದಿನ ಮಗುವನ್ನು ಕರೆದೊಯ್ಯಬೇಕು. ನಾಲ್ಕು ವರ್ಷದೊಳಗಿನ ಮಗುವಾದರೆ ಬಿಳಿ ಹಿನ್ನೆಲೆಯ ಪಾಸ್‌ಪೋರ್ಟ್ ಅಳತೆಯ ಫೋಟೊ ನೀವೇ ತೆಗೆದುಕೊಂಡು ಹೋಗಿ. ಕೂಸನ್ನು ಬಿಳಿ ಬೆಡ್‌ಶೀಟ್ ಮೇಲೆ ಮಲಗಿಸಿ ಮೇಲಿಂದ ತೆಗೆದರೆ ಹಿಡಿದುಕೊಂಡವರ ಕೈ ಚೌಕಟ್ಟಿನೊಳಗೆ ಬರುವುದಿಲ್ಲ. ಹಾಲು ಕುಡಿದೆದ್ದ ಹೊತ್ತು ನೋಡಿ ಸ್ಟುಡಿಯೊಗೆ ಹೋಗಿ, ಕಣ್ಣು ತೆರೆದಿರಬೇಕಲ್ಲ.

ಇಬ್ಬರೂ ಸಹಿ ಮಾಡಿದ ಅನೆಕ್ಷರ್ ಡಿ, ಅಂದರೆ ಪೋಷಕರ ಘೋಷಣೆಯ ನಮೂನೆ, ಬೇಕು. ಒಬ್ಬರ ಒಪ್ಪಿಗೆ ಸಿಗದ ಪರಿಸ್ಥಿತಿಯಲ್ಲಿ ಅನೆಕ್ಷರ್ ಸಿ. ಜೊತೆಗೆ ವಿದೇಶಿ ಪೋಷಕರ ಪಾಸ್‌ಪೋರ್ಟ್ ಹಾಗೂ ಮಗು ಹುಟ್ಟಿದ ದಿನಕ್ಕೆ ಚಾಲ್ತಿಯಲ್ಲಿದ್ದ ವೀಸಾದ ಪ್ರತಿ ಇಡಿ. ಇವತ್ತಿನ ವೀಸಾ ಮಾತ್ರ ಇಟ್ಟು ಹೋದವರು ಮತ್ತೊಮ್ಮೆ ಬರಬೇಕಾಗುತ್ತದೆ. 36 ಪುಟದ ಮಕ್ಕಳ ಪಾಸ್‌ಪೋರ್ಟಿಗೆ ಶುಲ್ಕ 1000 ರೂಪಾಯಿ, ಎಂಟು ವರ್ಷದೊಳಗಿನವರಿಗೆ ಶೇ 10 ರಿಯಾಯಿತಿ. ಅದರ ಅವಧಿ ಐದು ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅದು.

ಹಂತ 6 (ಆ): ವಿದೇಶಿ ಪಾಸ್‌ಪೋರ್ಟ್ ಮತ್ತು ಒಸಿಐ ಆರಿಸಿಕೊಂಡರೆ

ಮೊದಲು ಆ ದೇಶದ ಕಾನ್ಸುಲೇಟ್ ಎಲ್ಲಿದೆ ನೋಡಿ. ಜರ್ಮನಿ, ಫ್ರಾನ್ಸ್‌ಗೆ ಬೆಂಗಳೂರಿನಲ್ಲೇ ಇದೆ. ಅಮೆರಿಕದ ಪ್ರಜೆಗಳ ಮಕ್ಕಳ ಜನನ ದಾಖಲಿಸಲು ಚೆನ್ನೈ ಕಾನ್ಸುಲೇಟಿನ ದಾರಿ ಹಿಡಿಯಬೇಕು. ಜನನ ಪತ್ರಕ್ಕೆ ಅಪಾಸ್ಟಿಲ್ (ಒಂದು ದೇಶದ ದಾಖಲೆ ಅಸಲಿ ಎಂದು ಇನ್ನೊಂದು ದೇಶಕ್ಕೆ ತಿಳಿಸುವ ದೃಢೀಕರಣ) ಬೇಕೇ ಎಂಬುದನ್ನು ಅವರ ಪಟ್ಟಿಯಲ್ಲಿ ಓದಿಯೇ ಮಾಡಿಸಿ. ಭಾರತ 2005ರಲ್ಲಿ ಅಪಾಸ್ಟಿಲ್ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಹಾಕಿತ್ತು. ಯುಎಇ ಆ ಒಪ್ಪಂದದಲ್ಲೇ ಇಲ್ಲ. ಏಜೆಂಟನಿಗೆ ಕೊಟ್ಟು ಅಪಾಸ್ಟಿಲ್ ಹಾಕಿಸಿ, ಅಲ್ಲಿ ಅದು ಬೇಡವೆಂದು ಗೊತ್ತಾದರೆ ದುಡ್ಡು ದಂಡ. ಬೇಕೆಂದಾದರೆ ರಾಜ್ಯದ ಗೃಹ ಇಲಾಖೆಯ ದೃಢೀಕರಣ ಮೊದಲು, ವಿದೇಶಾಂಗ ಸಚಿವಾಲಯದ್ದು ಆಮೇಲೆ.

ಪಾಸ್‌ಪೋರ್ಟ್ ಬಂತು. ಈಗ ಟಿಕೆಟ್? ಇಲ್ಲ. ಮೈಸೂರಿನಲ್ಲಿ ಹುಟ್ಟಿ ವಿದೇಶಿ ಪಾಸ್‌ಪೋರ್ಟ್ ಪಡೆದ ಮಗುವಿಗೆ ಭಾರತದ ವೀಸಾ ಇರುವುದಿಲ್ಲ. ವೀಸಾವೇ ಇಲ್ಲದ ವಿದೇಶಿ ಪ್ರಜೆಯನ್ನು ವಿಮಾನ ನಿಲ್ದಾಣದ ವಲಸೆ ಕೌಂಟರಿನವರು ಹಾಗೇ ಬಿಡುವುದಿಲ್ಲ. ಆರು ತಿಂಗಳ ಕೂಸಾದರೂ ಅಷ್ಟೇ. ಇ–ಎಫ್‌ಆರ್‌ಆರ್‌ಒದಲ್ಲಿ ಮಗುವಿಗೆ ಎಂಟ್ರಿ ವೀಸಾ, ಅಥವಾ ಒಂದೇ ಸಲ ಹೊರಟುಹೋಗುವುದಾದರೆ ನಿರ್ಗಮನ ಪರವಾನಗಿ ಪಡೆಯಲೇಬೇಕು. ದೇವನಹಳ್ಳಿಯಿಂದ ಅಳುವ ಮಗುವಿನೊಂದಿಗೆ ವಾಪಸ್ ಬರುವವರ ಪೈಕಿ ಹೆಚ್ಚಿನವರು ಎಡವಿರುವುದು ಇಲ್ಲೇ.

ಮಗುವಿಗೆ ಮೊದಲು ಭಾರತೀಯ ಪಾಸ್‌ಪೋರ್ಟ್ ಮಾಡಿಸಿ, ಆಮೇಲೆ ವಿದೇಶಿ ಪಾಸ್‌ಪೋರ್ಟ್ ತೆಗೆಸಿದ್ದರೆ ಭಾರತೀಯ ಪಾಸ್‌ಪೋರ್ಟನ್ನು ಒಪ್ಪಿಸಿ ಅದರ ಪ್ರಮಾಣಪತ್ರ ಪಡೆಯಬೇಕು. ಅದಿಲ್ಲದೆ ಒಸಿಐ ಅರ್ಜಿ ಮುಂದೆ ಹೋಗದು.

ಒಸಿಐಗೆ ಭಾರತದೊಳಗಿಂದ ಅರ್ಜಿ ಹಾಕುವವರು ಸಾಮಾನ್ಯ ನಿವಾಸಿಯಾಗಿರಬೇಕು, ಅಂದರೆ ಆರು ತಿಂಗಳು ಇಲ್ಲೇ ಇದ್ದಿರಬೇಕು. ಟೂರಿಸ್ಟ್ ವೀಸಾದಲ್ಲಿರುವವರು ಹಾಕುವಂತಿಲ್ಲ. ಹಾಗಾಗಿ ಎಂಟ್ರಿ ವೀಸಾ ಮೊದಲು, ಒಸಿಐ ಆಮೇಲೆ. ಶುಲ್ಕ ಭಾರತದಲ್ಲಿ 15,000 ರೂಪಾಯಿ, ಹೊರಗೆ 275 ಡಾಲರ್. ಒಸಿಐ ಫೋಟೊ ಚೌಕ, ಎರಡು ಇಂಚು ಅಗಲ ಎರಡು ಇಂಚು ಉದ್ದ. ಪಾಸ್‌ಪೋರ್ಟಿಗೆ ತೆಗೆಸಿದ್ದನ್ನೇ ಎಳೆದು ಹಿಗ್ಗಿಸಿ ಹಾಕಿದರೆ ಮುಖ ಊದಿಕೊಂಡು ಅರ್ಜಿ ತಿರುಗಿ ಬರುತ್ತದೆ. ಸಹಿಯ ಜಾಗಕ್ಕೆ ಕೂಸಿನ ಹೆಬ್ಬೆಟ್ಟು. ಮಗು ನಿದ್ದೆಯಲ್ಲಿರುವಾಗ ಮುಷ್ಟಿ ಬಿಡಿಸಿ ಒತ್ತಿಸಿ, ನಾಲ್ಕೈದು ಸಲ ಒತ್ತಿಸಿ ಸ್ಪಷ್ಟವಾದದ್ದನ್ನು ಸ್ಕ್ಯಾನ್ ಮಾಡಿ.

ಹಂತ 7: ಮಗು ಹೊರದೇಶದಲ್ಲಿ ಹುಟ್ಟಿದ್ದರೆ

ಮಗುವಿಗೆ ಭಾರತೀಯ ಪೌರತ್ವ ಬೇಕಾದರೆ ಗಡುವು ಒಂದು ವರ್ಷ. ಅಷ್ಟರೊಳಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಬೇಕು, ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಪೋಷಕರು ಘೋಷಿಸಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ. ಆತುರದಲ್ಲಿ ಅಲ್ಲಿಯ ಪಾಸ್‌ಪೋರ್ಟ್ ಮಾಡಿಸಿಬಿಟ್ಟರೆ ಈ ಬಾಗಿಲು ಮುಚ್ಚಿದಂತೆ, ಉಳಿಯುವುದು ಒಸಿಐ ಮಾತ್ರ. ಹೀಗೆ ಜನನ ನೋಂದಾಯಿಸಿ ವಂಶದಿಂದ ಭಾರತೀಯನಾಗಿದ್ದು ಇನ್ನೊಂದು ದೇಶದ ಪೌರತ್ವವೂ ಇರುವ ಮಗು, ಪ್ರಾಯಕ್ಕೆ ಬಂದ ಆರು ತಿಂಗಳೊಳಗೆ ಆ ಪೌರತ್ವ ಬಿಡದಿದ್ದರೆ ಭಾರತದ್ದು ಹೋಗುತ್ತದೆ.

ಹಂತ 8: ಸಂಗಾತಿಯ ಒಸಿಐ

ನೋಂದಾಯಿತ ಮದುವೆಗೆ ಎರಡು ವರ್ಷ ತುಂಬಿದ ಮೇಲೆ ಅರ್ಜಿ. ಭದ್ರತಾ ಪರಿಶೀಲನೆ ಇರುತ್ತದೆ, ಅದು ಮುಗಿಯುವವರೆಗೆ ಎಂಟ್ರಿ ವೀಸಾ ಮುಗಿಯದಂತೆ ನೋಡಿಕೊಳ್ಳಿ. ‘ಒಸಿಐ ಬರುತ್ತಲ್ಲ’ ಎಂದು ವೀಸಾ ವಿಸ್ತರಣೆ ಬಿಟ್ಟವರು ಅವಧಿ ಮೀರಿದವರ ಪಟ್ಟಿಗೆ ಸೇರುತ್ತಾರೆ. ವಿಚ್ಛೇದನವಾದರೆ ಈ ಒಸಿಐ ರದ್ದಾಗಬಹುದು. ಭಾರತೀಯ ಪೌರತ್ವವೇ ಬೇಕೆಂದರೆ ಏಳು ವರ್ಷ ಇಲ್ಲಿ ವಾಸವಿದ್ದು ನೋಂದಣಿ ಮೂಲಕ ಕೇಳಬಹುದು.

ಒಸಿಐ ಇದ್ದ ಮಾತ್ರಕ್ಕೆ ಎಲ್ಲ ಕಡೆಗೂ ರಹದಾರಿ ಸಿಕ್ಕಿತು ಎಂದಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟನ್ ವಸತಿಯಲ್ಲಿ ರಾತ್ರಿ ಉಳಿಯಬೇಕಾದರೆ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು, ನೆಂಟರು ಅಲ್ಲಿದ್ದರೂ ಸರಿಯೇ.

ಹಂತ 9: ಈಗ ಟಿಕೆಟ್

ಟಿಕೆಟ್ಟಿನ ಹೆಸರು ಮಗು ಹಿಡಿದು ಹೋಗುವ ಪಾಸ್‌ಪೋರ್ಟಿನ ಹೆಸರಿನಂತೆಯೇ ಇರಲಿ. ಒಬ್ಬರೇ ಮಗುವನ್ನು ಕರೆದೊಯ್ಯುವುದಾದರೆ ಇನ್ನೊಬ್ಬರಿಂದ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ಪ್ರಯಾಣದ ದಿನಾಂಕ, ಹೋಗುವ ದೇಶ, ಸಹಿ ಹಾಕಿದವರ ಫೋನ್ ನಂಬರ್, ಅವರ ಪಾಸ್‌ಪೋರ್ಟ್ ಪ್ರತಿ ಅದರಲ್ಲಿರಬೇಕು. ತಾಯಿಯ ಸರ್‌ನೇಮ್ ಮಗುವಿನದಕ್ಕಿಂತ ಬೇರೆಯಾಗಿದ್ದರೆ ಜನನ ಪತ್ರದ ಮೂಲಪ್ರತಿ ಕೈಚೀಲದಲ್ಲೇ ಇರಲಿ, ಲಗೇಜಿನಲ್ಲಿ ಬೇಡ.

ಐರೋಪ್ಯ ಒಕ್ಕೂಟದ ಪ್ರಜೆಯನ್ನು ಮದುವೆಯಾದ ಭಾರತೀಯರಿಗೆ ಒಂದು ಅನುಕೂಲ ಇದೆ. ಸಂಗಾತಿಯ ಸ್ವಂತ ದೇಶ ಬಿಟ್ಟು ಒಕ್ಕೂಟದ ಬೇರೆ ದೇಶಕ್ಕೆ ಅವರ ಜೊತೆ ಹೋಗುವಾಗ ವೀಸಾ ಶುಲ್ಕವಿಲ್ಲ. ಅರ್ಜಿ ಕೇಂದ್ರದಲ್ಲಿ ನೀವಾಗಿ ಕೇಳದಿದ್ದರೆ ಮಾಮೂಲಿ ಶುಲ್ಕವನ್ನೇ ಕಟ್ಟಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಮಗುವಿನ ವಿದೇಶಿ ಪಾಸ್‌ಪೋರ್ಟ್ ನವೀಕರಿಸಿದಾಗಲೆಲ್ಲ, 20 ವರ್ಷ ತುಂಬುವವರೆಗೆ, ಹೊಸ ಪಾಸ್‌ಪೋರ್ಟಿನ ಪ್ರತಿ ಮತ್ತು ಹೊಸ ಫೋಟೊವನ್ನು ಮೂರು ತಿಂಗಳೊಳಗೆ ಒಸಿಐ ತಾಣದಲ್ಲಿ ಏರಿಸಬೇಕು. ಇದಕ್ಕೆ ಶುಲ್ಕವಿಲ್ಲ. 20 ತುಂಬಿದ ಮೇಲೆ ತೆಗೆಸುವ ಮೊದಲ ಪಾಸ್‌ಪೋರ್ಟಿಗೆ ಒಂದು ಸಲ ಹೊಸ ಒಸಿಐ ಕಾರ್ಡನ್ನೇ ಮಾಡಿಸಬೇಕು.